ಹಿರಿಸೊಸೆಯ ಮಣಿಕಟ್ಟು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಹುಣಸೆಹಣ್ಣಿನ ಭರಣಿಗೂ ಉಪ್ಪಿನ ಡಬ್ಬಿಗೂ ನಡುವೆ, ನೀಲಿ ಬಣ್ಣದ ಒಂದು ಚೆಂಡು ಒಂದು ವರ್ಷ ಪೂರ್ತಿ ಕೂತಿತ್ತು. ನೋಡಲು ಮೂಸಂಬಿ ಹಣ್ಣಿನಷ್ಟು, ಎತ್ತಿದರೆ ಮಾತ್ರ ಅದಕ್ಕಿಂತ ಹೆಚ್ಚು ತೂಕ. ಮನೆಗೆ ಬಂದ ಹೆಂಗಸರು ಅದನ್ನು ಕಂಡು, ಮಕ್ಕಳ ಆಟದ ಸಾಮಾನು ಇಲ್ಲಿಗೇಕೆ ಬಂತು ಎಂದು ಕೇಳುತ್ತಿದ್ದರು. ಕೈನೋವಿಗೆ ಎಂದು ಹೇಳಿ, ಕಾಫಿ ಲೋಟ ಮುಂದೆ ಚಾಚಿ, ನಾನು ಮಾತು ಬದಲಿಸುತ್ತಿದ್ದೆ. ಅದು ಕೈನೋವಿಗೆಂದು ಬಂದದ್ದು ನಿಜ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ನಾನು ಅದನ್ನು ತಿರುಗಿಸಿದ್ದು ಹೊಟ್ಟೆನೋವಿಗೆ. ಓಮಿನ ಕಷಾಯ ಕುಡಿದರೆ ಇಳಿಯುವ ಹೊಟ್ಟೆನೋವಲ್ಲ, ಓರಗಿತ್ತಿಯನ್ನು ನೆನೆದಾಗಲೆಲ್ಲ ಏಳುವ ಹೊಟ್ಟೆನೋವು.

ಕೈ ಮುರಿದ ಕಥೆ ಚಿಕ್ಕದು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ತುಮಕೂರಿನ ಸದಾಶಿವನಗರದಲ್ಲಿ ನಮ್ಮದು ಬಾಡಿಗೆ ಮನೆ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಸೋಪಿನ ನೀರು ನಿಂತಿತ್ತು. ಹಿಂಡಿದ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡು ಮಹಾರಾಣಿಯ ಗತ್ತಿನಲ್ಲಿ ಹೆಜ್ಜೆಯಿಟ್ಟೆ, ಜಾರಿದೆ, ಬಲಗೈ ಊರಿದೆ, ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಬಟವಾಡಿಯ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿ, ಮೂಳೆ ಕೂಡಿಕೊಳ್ಳುತ್ತದೆ, ಯೋಚನೆ ಬೇಡ, ಭಾರ ಎತ್ತುವುದು, ಕೈ ತಿರುಚುವುದು ಮಾತ್ರ ಸದ್ಯಕ್ಕೆ ಬೇಡ ಎಂದರು. ನಾನು ಕೇಳಿದ ಮೊದಲ ಪ್ರಶ್ನೆ, "ಹಿಟ್ಟು ತೊಳಸಬಹುದಾ ಡಾಕ್ಟ್ರೇ?" ಅವರು ನಕ್ಕು, "ಈ ವರ್ಷ ಅನ್ನ ಊಟ ಮಾಡಿ ತಾಯಿ," ಎಂದರು.

ಅವರಿಗೆ ನಗು. ಆದರೆ ನನಗಿದ್ದ ಒಂದೇ ಒಂದು ಬಿರುದು ಆ ಕೈಯಲ್ಲಿತ್ತು. ಗುಬ್ಬಿಯ ಕಡೆ ನಮ್ಮ ಅತ್ತೆಮನೆ. ಅಲ್ಲಿ ರಾಗಿಮುದ್ದೆಗೆ ಹಿಟ್ಟು ಎನ್ನುತ್ತಾರೆ, ಊಟವಾಯಿತೇ ಎಂದು ಕೇಳಬೇಕಾದರೂ ಹಿಟ್ಟಾಯ್ತಾ ಎಂದೇ ಕೇಳುತ್ತಾರೆ. ಪಿತೃಪಕ್ಷದಲ್ಲಿ ಹಿರಿಯರ ಹಬ್ಬಕ್ಕೆ ದಾಯಾದಿಗಳೆಲ್ಲ ಆ ಮನೆಯಲ್ಲಿ ಸೇರುತ್ತಾರೆ. ತೀರಿಹೋದವರಿಗೆ ಹೊಸಬಟ್ಟೆ ಇಟ್ಟು, ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬೇಯಿಸಿ ಎಡೆ ಇಡುತ್ತಾರೆ. ಸಾರನ್ನು ಯಾರು ಬೇಕಾದರೂ ಕುದಿಸಬಹುದು, ವಡೆಯನ್ನು ಯಾರು ಬೇಕಾದರೂ ತಟ್ಟಬಹುದು, ಅಂದಿನ ಹಿಟ್ಟನ್ನು ಮಾತ್ರ ಮನೆಯ ಹಿರಿಸೊಸೆಯೇ ತೊಳಸಬೇಕು ಎಂಬುದು ನಮ್ಮ ಮನೆಯ ವಾಡಿಕೆ. ಎಲ್ಲರಿಗೂ ಒಂದೇ ದೊಡ್ಡ ಪಾತ್ರೆ. ಎಸರು ಕುದಿಯುವಾಗ ರಾಗಿಹಿಟ್ಟು ಸುರಿದು, ಅದು ಬೆಂದು ಉಬ್ಬಿದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ಅಲುಗದಂತೆ ಕವಲುಕಡ್ಡಿಯ ಕವೆಗೋಲು ಕೊಟ್ಟು ಎರಡು ಕಾಲಿನಿಂದಲೂ ಅದುಮಿ ಹಿಡಿದು, ಹಿಟ್ಟಿನ ಕೋಲನ್ನು ಎರಡು ಕೈಯಲ್ಲಿ ಹಿಡಿದು ತಿರುವುವುದಿದೆಯಲ್ಲ, ಅದು ಹೆಂಗಸಿನ ಮಣಿಕಟ್ಟಿಗೆ ಇಟ್ಟ ಪರೀಕ್ಷೆ. ಒಂದು ಗಂಟೂ ಉಳಿಯಬಾರದು. ಮುದ್ದೆ ಕಟ್ಟಿದರೆ ತಟ್ಟೆಯಲ್ಲಿ ಇಟ್ಟಲ್ಲೇ ಇಟ್ಟ ಹಾಗೆ ಕೂರಬೇಕು, ಸಾರು ತಾಗಿದರೆ ಕರಗಬಾರದು. ಗದ್ದೆ ತೋಟದಲ್ಲಿ ಗೇಯುವ ಗಂಡಸರು ಮೆತ್ತನೆ ಹಿಟ್ಟನ್ನು ಕಂಡರೆ ಇದನ್ನು ಕುಡಿಯಬೇಕೋ ತಿನ್ನಬೇಕೋ ಎಂದು ಕೇಳುತ್ತಿದ್ದ ಕಾಲದಲ್ಲಿ ನಾನು ಆ ಮನೆಗೆ ಸೊಸೆಯಾಗಿ ಹೋದವಳು. ನನ್ನ ಹಿಟ್ಟು ಗಟ್ಟಿ ಹಿಟ್ಟು ಎಂದು ದಾಯಾದಿಗಳಲ್ಲೆಲ್ಲ ಹೆಸರಾಗಿತ್ತು.

ಈಗ ಸವಿತಾಳ ವಿಷಯಕ್ಕೆ ಬರೋಣ. ಸವಿತಾ ನನ್ನ ಮೈದುನನ ಹೆಂಡತಿ, ಕುಣಿಗಲ್ಲಿನ ಕಾಲೇಜಿನಲ್ಲಿ ಲೆಕ್ಚರರ್, ಎಂ.ಎ. ಮಾಡಿದವಳು. ನಾನು ಎಸ್ಸೆಸ್ಸೆಲ್ಸಿ ಮುಗಿಸುತ್ತಲೇ ಹಸೆಮಣೆ ಏರಿದವಳು. ಅವಳಿಗೆ ಸ್ಕೂಟಿ ಇತ್ತು, ಕೈಗೆ ವಾಚಿತ್ತು, ಸಂಬಳವಿತ್ತು, ಬೆಳಿಗ್ಗೆ ಕಾಫಿ ಮಾಡಿಕೊಡುವ ಗಂಡನಿದ್ದ. ನನ್ನ ಗಂಡನಿಗೆ ಗ್ಯಾಸ್ ಒಲೆಯ ಗುಂಡಿ ಯಾವ ಕಡೆಗೆ ತಿರುಗುತ್ತದೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಇಷ್ಟಿದ್ದೂ ಅವಳ ಮೇಲೆ ನನಗೆ ಅಸೂಯೆ ಇರಲಿಲ್ಲ ಎಂದರೆ ನೀವು ನಂಬಬೇಕು. ಅವಳದು ಅವಳಿಗೆ, ನನ್ನದು ನನಗೆ. ಅವಳ ಕೈಯಲ್ಲಿ ಸೀಮೆಸುಣ್ಣ, ನನ್ನ ಕೈಯಲ್ಲಿ ಹಿಟ್ಟಿನ ಕೋಲು, ಗಡಿ ಸ್ಪಷ್ಟವಾಗಿತ್ತು.

ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಆ ವರ್ಷ ಹಬ್ಬಕ್ಕೆ ಹೋದಾಗ ಗಡಿ ಕಲಸಿಹೋಯಿತು. ಅತ್ತೆ ಒಂದು ಕ್ಷಣ ಯೋಚಿಸಿ, ಕೋಲನ್ನು ಎರಡನೆಯ ಸೊಸೆಯ ಕೈಗೆ ಕೊಟ್ಟರು. ಸವಿತಾ ಸೆರಗು ಸಿಕ್ಕಿಸಿ, ವಾಚು ಬಿಚ್ಚಿಟ್ಟು, ಪಾಠ ಶುರು ಮಾಡುವವಳಂತೆ ಪಾತ್ರೆಯ ಮುಂದೆ ಕೂತಳು. ನಾನು ಬಾಗಿಲಿಗೆ ಒರಗಿ ನಿಂತು, ಗಂಟು ಬರಲಿ ದೇವರೇ ಎಂದು ಬೇಡಿಕೊಂಡೆ. ಹಿರಿಯರಿಗೆ ಎಡೆ ಹೋಗುವ ಹಿಟ್ಟಿನ ಬಗ್ಗೆ ಹೀಗೆ ಬೇಡಿಕೊಳ್ಳಬಾರದು ಎಂಬುದು ಆಗ ಹೊಳೆಯಲಿಲ್ಲ. ಹಿರಿಯರು ಸೊಸೆಯಂದಿರ ಪ್ರಾರ್ಥನೆಗೆಲ್ಲ ಕಿವಿಗೊಡುವವರಲ್ಲ ಎಂದು ಕಾಣುತ್ತದೆ. ಒಂದು ಗಂಟೂ ಬರಲಿಲ್ಲ. ಊಟಕ್ಕೆ ಕೂತ ದಾಯಾದಿಯೊಬ್ಬರು, "ಹಿಟ್ಟು ಒಳ್ಳೆ ಬೆಣ್ಣೆ ಐತೆ ಕಣಮ್ಮ, ಕಾಲೇಜ್ ಮೇಡಮ್ಮು ಅಂದ್ಕಂಡಿದ್ವಿ," ಎಂದರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ನಮ್ಮ ಮಾವ, ತಟ್ಟೆಯಿಂದ ತಲೆಯೆತ್ತದೆ ಉಂಡು ಎದ್ದುಹೋಗುವ ಮಾವ, ನಾನು ತೊಳಸಿದ ಹಿಟ್ಟಿಗೆ ಇಷ್ಟು ವರ್ಷದಲ್ಲಿ ಹೂಂ ಎಂದೂ ಅನ್ನದಿದ್ದ ಮಾವ, ತಟ್ಟೆಯನ್ನು ಮುಂದಕ್ಕೆ ಸರಿಸಿ ಅವಳಿಗೆ, "ಇನ್ನರ್ಧ ಹಾಕವ್ವ," ಎಂದರು.

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಆದದ್ದನ್ನು ನಮ್ಮ ಭಾಷೆ ಹೊಟ್ಟೆಕಿಚ್ಚು ಎಂದು ಕರೆದು ಜಾಗವನ್ನೂ ಗುರುತಿಸಿಕೊಟ್ಟಿದೆ. ಅಸೂಯೆ, ಮತ್ಸರ ಎಂದರೆ ಮನಸ್ಸಿನ ವ್ಯವಹಾರವೆಂಬ ಗೌರವ ಉಳಿದುಕೊಳ್ಳುತ್ತದೆ. ಹೊಟ್ಟೆಕಿಚ್ಚು ಎನ್ನುವಾಗ ಒಲೆ, ಸೌದೆ, ಉರಿ ಎಲ್ಲ ಒಳಗೇ ಇರುವುದು ಗೊತ್ತಾಗುತ್ತದೆ. ಇನ್ನೊಂದು ವಿಚಿತ್ರವನ್ನೂ ನಾನು ಆಮೇಲೆ ಗಮನಿಸಿದ್ದೇನೆ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬರು ಮೂರು ಅಂತಸ್ತಿನ ಮನೆ ಕಟ್ಟಿ, ಮುಂದೆ ಕಾರು ನಿಲ್ಲಿಸಿದಾಗ ನಾನು ಗೃಹಪ್ರವೇಶದ ಊಟ ಮಾಡಿ ಸಂತೋಷವಾಗಿ ಬಂದೆ. ಟೀವಿಯಲ್ಲಿ ಮೈತುಂಬ ಒಡವೆ ಹಾಕಿಕೊಂಡವರನ್ನು ಕಂಡು ಒಂದು ದಿನವೂ ಕರುಬಿದವಳಲ್ಲ. ನನ್ನ ಉರಿಗೆ ಸೌದೆಯಾಗಬೇಕಾದರೆ ಅವರು ನನ್ನ ಪಕ್ಕದ ಚಾಪೆಯಲ್ಲಿ ಕೂತು, ನನ್ನ ತಟ್ಟೆಗೇ ಕೈ ಹಾಕಿರಬೇಕು. ಓರಗಿತ್ತಿಯರು ಎಂದರೆ ಒಂದೇ ಮನೆಗೆ ಬೇರೆ ಬೇರೆ ಬಾಗಿಲಿನಿಂದ ಬಂದು, ಒಂದೇ ಅತ್ತೆಯ ಕಣ್ಣಿನಲ್ಲಿ ತಮ್ಮ ತಮ್ಮ ಮುಖ ನೋಡಿಕೊಳ್ಳುವವರು. ಹಾಗಾಗಿ ಅವಳು ಎಂ.ಎ. ಆದದ್ದು ನನ್ನನ್ನು ತಟ್ಟಲಿಲ್ಲ, ಅರ್ಧ ಮುದ್ದೆ ತಟ್ಟಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೋಡಿದರೆ ಸೊರಗಿದ ಹೀರೇಕಾಯಿಯ ಹಾಗಿತ್ತು. ಚೊಂಬು ಎತ್ತಿದರೆ ನಡುಗುತ್ತಿತ್ತು. ಬಟವಾಡಿಯ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು, ರಬ್ಬರ್ ಚೆಂಡು ಹಿಸುಕಲು ಹೇಳಿದರು, ಹಿಸುಕಿದೆ, ಬೇಸರವಾಯಿತು. ಆಗ ತುಮಕೂರಿನ ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಒಂದು ಸಂಜೆ ಈ ನೀಲಿ ಚೆಂಡನ್ನು ತಂದುಕೊಟ್ಟ. ಅವನ ಜೊತೆ ಕೆಲಸ ಮಾಡುವವರು ಯಾರೋ ತೋಳು ಬೆಳೆಸಲು ತರಿಸಿ, ಬೇಸತ್ತು ಬಿಟ್ಟದ್ದಂತೆ. "ಡಾಕ್ಟ್ರನ್ನ ಕೇಳ್ಕೊಂಡು ತಿರುಗ್ಸು ಅಕ್ಕ. ಮಣಿಕಟ್ಟು ಕಬ್ಬಿಣ ಆಗುತ್ತೆ ಕಣೆ," ಎಂದ. ಡಾಕ್ಟರು ಅದನ್ನು ಮೇಲೆ ಕೆಳಗೆ ನೋಡಿ, ನೋವು ಬರದಷ್ಟು ಮಾತ್ರ ಎಂದು ಒಪ್ಪಿಗೆ ಕೊಟ್ಟರು. ಕಬ್ಬಿಣ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು.

ಆ ಚೆಂಡನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ. ಹೊರಗೆ ಪ್ಲಾಸ್ಟಿಕ್ ಚಿಪ್ಪು, ಒಳಗೆ ಬುಗುರಿಯಂಥ ಭಾರದ ಗಾಲಿ. ಗಾಲಿಗೆ ಸಣ್ಣ ದಾರ ಸುತ್ತಿ ಸರ್ರನೆ ಎಳೆದರೆ ಅದು ತಿರುಗಲು ಶುರುವಾಗುತ್ತದೆ. ಆಗ ಚೆಂಡನ್ನು ಅಂಗೈಯಲ್ಲಿ ಹಿಡಿದು ಮಣಿಕಟ್ಟನ್ನು ದುಂಡಗೆ ಆಡಿಸುತ್ತ ಹೋದರೆ ಒಳಗಿನ ಗಾಲಿಯ ವೇಗ ಏರುತ್ತದೆ. ಸೆಲ್ ಇಲ್ಲ, ಕರೆಂಟಿಲ್ಲ. ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವಂಥ ಸದ್ದು ಮಾತ್ರ. ವೇಗ ಹೆಚ್ಚಿದಂತೆ ಅದಕ್ಕೊಂದು ಹಟ ಬರುತ್ತದೆ: ನೀವು ಒಂದು ಕಡೆಗೆ ವಾಲಿಸಿದರೆ ಅದು ಇನ್ನೊಂದು ಕಡೆಗೆ ಹೊರಳುತ್ತದೆ, ಕೈಯನ್ನು ಭುಜದವರೆಗೆ ಎಳೆದಾಡುತ್ತದೆ. ಬಲ ಹಾಕಿ ಬಗ್ಗಿಸಲು ಹೋದಿರೋ, ಗೊರ್ ಎಂದು ನಿಂತೇಬಿಡುತ್ತದೆ. ನಾನು ಬಲ ಹಾಕಿಯೇ ಬಗ್ಗಿಸಲು ಹೋದವಳಾದ್ದರಿಂದ ಅದು ಬಹಳ ದಿನ ನನ್ನ ಕೈಯಲ್ಲಿ ಗೊರ್ ಎನ್ನುತ್ತಲೇ ಇತ್ತು. ನನ್ನ ಗಂಡ ಪೇಪರಿನ ಹಿಂದಿನಿಂದ, "ಏನೇ ಅದು, ಅಡುಗೆಮನೇಲಿ ಏರೋಪ್ಲೇನ್ ಕೆಟ್ಟು ನಿಂತಿದೆಯಾ?" ಎಂದು ಕೇಳುತ್ತಿದ್ದರು.

ಆದರೂ ಬಿಡಲಿಲ್ಲ. ಕುಕ್ಕರ್ ಕೂಗುವುದರೊಳಗೆ ಒಂದಿಷ್ಟು, ಹಾಲು ಕಾಯುವುದರೊಳಗೆ ಒಂದಿಷ್ಟು, ತಿಂಗಳುಗಟ್ಟಲೆ ತಿರುಗಿಸಿದೆ. ಕೈ ಸೋತು ಇನ್ನು ಸಾಕು ಎನ್ನಿಸಿದಾಗ ಮಾವ ತಟ್ಟೆ ಸರಿಸಿದ ರೀತಿಯನ್ನು ನೆನೆಸಿಕೊಳ್ಳುತ್ತಿದ್ದೆ, ಹೊಸದಾಗಿ ಚೈತನ್ಯ ಬರುತ್ತಿತ್ತು. ಆ ದಿನಗಳಲ್ಲಿ ಒಂದು ಯೋಚನೆ ಬಂದದ್ದುಂಟು. ಈ ಚೆಂಡನ್ನು ಶುರು ಮಾಡುವುದು ಒಂದು ಮೊಳದ ದಾರ. ಆಮೇಲೆ ಅದನ್ನು ನಿಲ್ಲದಂತೆ ತಿರುಗಿಸುವುದು ನಮ್ಮದೇ ಕೈ. ನನ್ನ ಹೊಟ್ಟೆಕಿಚ್ಚಿನ ಯಂತ್ರವೂ ಹಾಗೆಯೇ ಇತ್ತು. ಸವಿತಾ ಎಳೆದದ್ದು ಒಂದೇ ಸಲ, ಅದೂ ಗೊತ್ತಿಲ್ಲದೆ. ಉಳಿದ ತಿಂಗಳುಗಳಲ್ಲಿ ಸುತ್ತಿಸಿದವಳು ನಾನು. ಇಷ್ಟು ಅರ್ಥವಾದ ಮೇಲೆ ಕೈ ನಿಲ್ಲಿಸಬೇಕಿತ್ತು ಎಂದು ನೀವು ಹೇಳಬಹುದು. ಅರ್ಥವಾಗುವುದು ತಲೆಗೆ, ಉರಿ ಇರುವುದು ಹೊಟ್ಟೆಯಲ್ಲಿ, ನಡುವೆ ದಾರಿ ದೂರ. ನಾನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಕೊನೆಗೆ ಚೆಂಡು ನನಗೆ ಒಲಿಯಿತು. ಕೈ ತುಂಬಿಕೊಂಡಿತು, ಬಿಗಿಯಾದ ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳು ನನಗೆ ಹೆದರತೊಡಗಿದವು. ಅಷ್ಟರಲ್ಲಿ ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆಂದು ಸವಿತಾ ತುಮಕೂರಿಗೆ ಬಂದು ಕೆಲವು ದಿನ ನಮ್ಮ ಮನೆಯಲ್ಲೇ ಉಳಿದಳು. ಸಂಜೆ ಕಾಫಿಗೆ ಅಡುಗೆಮನೆಗೆ ಬಂದವಳು ಗೂಡಿನಿಂದ ಚೆಂಡನ್ನು ಎತ್ತಿಕೊಂಡು, "ಇದೇನಕ್ಕ?" ಎಂದಳು. ಹೇಳಿದೆ. ದಾರ ಎಳೆದಳು, ಅವಳ ಬಳೆಯಿಲ್ಲದ ಸಣ್ಣ ಕೈ, ಅದೇನು ಮಾಡುತ್ತಿದೆ ಎಂಬ ಯೋಚನೆಯೂ ಇಲ್ಲದೆ, ಚೆಂಡು ಹೋದತ್ತ ಹೋಗುತ್ತ, ಬಂದತ್ತ ಬರುತ್ತ ಆಡಿತು. ನನ್ನ ಕೈಯಲ್ಲಿ ಅಷ್ಟು ದಿನ ಗೊಣಗಿದ ಆ ದರಿದ್ರದ್ದು ಅವಳ ಕೈಯಲ್ಲಿ ಮೊದಲ ಸಲಕ್ಕೇ ಸುಂಯ್ ಎಂದು ಹಾಡಿತು. ಒಲೆಯ ಮೇಲೆ ನನ್ನ ಹಾಲು ಉಕ್ಕಿತು.

"ಎಷ್ಟು ಚೆನ್ನಾಗಿದೆ ಅಕ್ಕ! ಬೋರ್ಡ್ ಮೇಲೆ ಬರೆದೂ ಬರೆದೂ ಕೈ ಸೋತೋಗುತ್ತೆ. ಒಂದು ವಾರ ಕುಣಿಗಲ್‌ಗೆ ತಗೊಂಡ್ಹೋಗ್ಲಾ?" ಎಂದು ಕೇಳಿದಳು. "ದಿನಾ ತಪ್ಪಿಸ್ಬಾರ್ದು ಅಂದಿದಾರಮ್ಮ ಡಾಕ್ಟ್ರು," ಎಂದೆ, ಎಷ್ಟು ಬೇಗ ಎಂದೆನೆಂದರೆ ಅವಳು ಕೇಳುವುದು ಮುಗಿದಿತ್ತೋ ಇಲ್ಲವೋ. ಅವಳು ಸುಮ್ಮನೆ ನಕ್ಕು ಅದನ್ನು ಮೊದಲಿದ್ದಲ್ಲೇ ಇಟ್ಟಳು. ಹೆಚ್ಚು ಬೇಸರಪಟ್ಟಿದ್ದರೂ ನನಗೊಂದಿಷ್ಟು ಸಮಾಧಾನವಾಗುತ್ತಿತ್ತು.

ಮತ್ತೆ ಪಿತೃಪಕ್ಷ ಬಂತು. ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಮಡಿಲ ಮೇಲಿನ ಬಲಗೈಯನ್ನು ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದೆ. ಮನೆ ಮುಟ್ಟಿದಾಗ ಎಸರು ಕುದಿಯುತ್ತಿತ್ತು. ಅತ್ತೆ ಕೋಲನ್ನು ತೊಳೆದು ತಂದವರು ಸವಿತಾಳ ಕಡೆ ನೋಡಿ, ನನ್ನ ಕಡೆ ನೋಡಿ, "ನೀನ್ ಕುತ್ಕಳವ್ವ, ಕೈ ನೋವಿನವಳು. ಅವ್ಳೇ ತೊಳಸ್ತಾಳೆ ಬುಡು," ಎಂದರು. ಪ್ರೀತಿಯಿಂದಲೇ ಅಂದದ್ದು, ನನಗೆ ಮಾತ್ರ ಪಟ್ಟದಿಂದ ಇಳಿಸಿದ ಹಾಗಾಯಿತು. "ನನ್ನ ಕೈ ಸರಿಹೋಗಿದೆ ಅತ್ತೆ," ಎಂದು ಕೋಲನ್ನು ಹೆಚ್ಚು ಕಡಿಮೆ ಕಿತ್ತುಕೊಂಡೆ.

ಸರಿಹೋಗಿದೆ ಎಂದು ತೋರಿಸುವುದು ಹೇಗೆ? ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವ ದಾರಿ ಒಂದೇ. ವಾಡಿಕೆಯ ಅಳತೆಗಿಂತ ಇನ್ನೆರಡು ಬೊಗಸೆ ರಾಗಿಹಿಟ್ಟನ್ನು ಎಸರಿಗೆ ಸುರಿದೆ. ಪಾತ್ರೆ ಇಳಿಸಿ, ಕಾಲಲ್ಲಿ ಅದುಮಿ, ತೊಳಸತೊಡಗಿದಾಗ ಒಳಗಿನ ಹಿಟ್ಟು ಚೆಂಡಿನ ಹಾಗೆಯೇ ಹಟ ಮಾಡಿತು, ನಾನು ಬಿಡಲಿಲ್ಲ. ಮಣಿಕಟ್ಟು ಒಂದಿಷ್ಟೂ ನೋಯಲಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತು, "ಅಬ್ಬಬ್ಬಾ, ಅದೇನ್ ಕೈಯವ್ವ," ಎಂದು ನೋಡಿದರು. ಸವಿತಾ ಕೂಡ ಕಣ್ಣರಳಿಸಿ ನೋಡಿದಳು. ಕಟ್ಟಿದ ಮುದ್ದೆಗಳು ಕಲ್ಲಿನಲ್ಲಿ ಕಡೆದ ಹಾಗೆ ಸಾಲಾಗಿ ಕೂತವು. ಆ ಸಾಲನ್ನು ನೋಡುತ್ತ ನಿಂತಾಗ ನನಗಾದ ಸುಖವನ್ನು ಮಕ್ಕಳು ಹುಟ್ಟಿದಾಗಿನ ಸುಖದ ಪಕ್ಕದಲ್ಲಿಡಲು ನಾಚಿಕೆಯಾಗುತ್ತದೆ, ಆದರೆ ಅಲ್ಲೇ ಎಲ್ಲೋ ಹತ್ತಿರದಲ್ಲಿತ್ತು.

ಎಡೆಯಾಯಿತು, ಊಟಕ್ಕೆ ಬಡಿಸಿದೆವು. ನಾನು ಬಡಿಸುವ ನೆಪದಲ್ಲಿ ಮಾವನ ಎದುರೇ ಸುಳಿದಾಡುತ್ತಿದ್ದೆ. ಅವರು ಮುದ್ದೆಯನ್ನು ಮುರಿದರು. ನಮ್ಮಲ್ಲಿ ಹಿಟ್ಟನ್ನು ಅಗಿಯುವುದಿಲ್ಲ, ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮಾವ ಮುರಿದ ತುತ್ತು ಗೋಲಿಯಷ್ಟಿತ್ತು. ಅದ್ದಿದರು, ಬಾಯಿಗಿಟ್ಟರು, ಕತ್ತು ಮುಂದಕ್ಕೆ ಚಾಚಿ, ಕಣ್ಣುಮುಚ್ಚಿ ನುಂಗಿದರು. ನೀರು ಕುಡಿದರು. ಮತ್ತೊಂದು ಗೋಲಿ, ಮತ್ತೆ ನೀರು. ಪಂಕ್ತಿಯವರೆಲ್ಲ ಎದ್ದು ಕೈತೊಳೆದು ಎಲೆಯಡಿಕೆಗೆ ಕೂತಾಗಲೂ ಅವರು ಗೋಡೆಗೆ ಒರಗಿ ಒಬ್ಬರೇ ಉಣ್ಣುತ್ತಿದ್ದರು. ಸವಿತಾ ಕೇಳದೆಯೇ ಇನ್ನೊಂದು ಸೌಟು ಸಾರು ಬಿಟ್ಟಳು. ಮಾವ ತಟ್ಟೆಯಲ್ಲಿ ಚೂರೂ ಉಳಿಸಲಿಲ್ಲ. ಏಳುವಾಗ ನನ್ನತ್ತ ನೋಡಿ, "ನಿನ್ ಕೈ ವಾಸಿಯಾಯ್ತು ಕಣವ್ವ," ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಕೈಯ ಬಗ್ಗೆ ಆಡಿದ ಮೊದಲ ಮಾತು ಅದು, ಆಡುವಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು, ಅದು ನುಂಗಿದ ಕಷ್ಟಕ್ಕೆ ಬಂದ ನೀರು.

ಪಾತ್ರೆ ತೊಳೆಯುವಾಗ ಹಿತ್ತಿಲಲ್ಲಿ, ಮಾವ ಯಾಕೆ ಹಾಗೆ ಉಂಡರು ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಬೂದಿ ತಿಕ್ಕುತ್ತಲೇ, "ಗಟ್ಟಿ ಹಿಟ್ಟು ಗಂಟ್ಲಾಗ್ ಇಳಿಯಲ್ಲ ಕಣವ್ವ ಅವ್ರಿಗೆ, ಬಾಳ ದಿನ ಆಯ್ತು. ದಿನಾ ಮೆತ್ತಗೆ ಮಾಡಿ ಹಾಕ್ತೀನಿ. ಹಬ್ಬದ್ ದಿನ ಮಾತ್ರ ಏನೂ ಹೇಳ್ಬ್ಯಾಡ ಅಂತಾರೆ. ದೊಡ್ ಸೊಸೆ ತೊಳಸಿದ್ದು, ಆಗಲ್ಲ ಅಂದ್ರೆ ನೊಂದ್ಕಂತಾಳೆ ಅಂತಾರೆ," ಎಂದರು. ಹಾಗಾದರೆ ಕೈ ಮುರಿಯುವುದಕ್ಕೆ ಮುಂಚೆಯೂ ಎಷ್ಟು ಹಬ್ಬಗಳಲ್ಲಿ ಅವರು ನನ್ನ ಹೆಸರುವಾಸಿ ಹಿಟ್ಟನ್ನು ಹೀಗೆ ಕಣ್ಣುಮುಚ್ಚಿ ಇಳಿಸಿದ್ದರೋ, ನಾನು ಕೇಳಲಿಲ್ಲ.

ಸವಿತಾ ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದಳು. "ನಿಂಗೆ ಗೊತ್ತಿತ್ತಾ? ಅದಕ್ಕೇ ಹೋದ ವರ್ಷ ಮೆತ್ತಗೆ ಮಾಡಿದ್ಯಾ?" ಎಂದೆ. "ಅಯ್ಯೋ, ನಂಗೆಲ್ಲಿ ಗೊತ್ತಕ್ಕ? ಕೋಲೇ ತಿರುಗ್ತಿರ್ಲಿಲ್ಲ, ಅಳು ಬರೋ ಹಾಗಾಗಿತ್ತು. ಯಾರಿಗೂ ಕಾಣದ ಹಾಗೆ ಒಂದು ಚೊಂಬು ಬಿಸಿನೀರು ಹುಯ್ದುಬಿಟ್ಟೆ. ನಿಮ್ಮ ಥರ ತೊಳಸೋದು ನನ್ನ ಕೈಲಾಗುತ್ತಾ?" ಎಂದಳು. ತಿಳಿದು ಮಾಡಿದ್ದಳು ಎಂದಿದ್ದರೆ ಅವಳ ಗುಣಕ್ಕೆ ತಲೆಬಾಗಿ ಸುಮ್ಮನಾಗುತ್ತಿದ್ದೆನೋ ಏನೋ. ತಿಳಿಯದೆಯೇ, ಕೈಲಾಗದೆಯೇ, ಅವಳು ಮಾವನ ಗಂಟಲಿಗೆ ಸರಿಹೋಗಿದ್ದಳು. ನಾನು ತಿಂಗಳುಗಟ್ಟಲೆ ಬೆವರು ಹರಿಸಿ ಕೈ ಬೆಳೆಸಿಕೊಂಡು ಅದೇ ಗಂಟಲಿಗೆ ಕಲ್ಲು ಕೊಟ್ಟಿದ್ದೆ. ಎಲ್ಲ ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಆರಬೇಕಲ್ಲವೇ? ಅದು ಇನ್ನೊಂದು ಸುತ್ತು ಏರಿತು.

ಮರುದಿನ ಬೆಳಿಗ್ಗೆ ನೆಂಟರೆಲ್ಲ ಹೊರಟಿದ್ದರು. ಮನೆಯವರಿಗಷ್ಟೇ ಹಿಟ್ಟು ಮಾಡಬೇಕಿತ್ತು. ಅತ್ತೆ ಏಳುವ ಮೊದಲೇ ನಾನು ಎಸರಿಟ್ಟೆ. ರಾಗಿಹಿಟ್ಟನ್ನು ಒಂದು ಬೊಗಸೆ ಕಡಿಮೆ ಹಾಕಿ, ತೊಳಸುವಾಗ ತೆಗೆದಿಟ್ಟ ಬಿಸಿನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಹೋದೆ. ಅಂಥ ಹಿಟ್ಟಿಗೆ ಕೈಬಲವೇ ಬೇಕಿಲ್ಲ. ನೀಲಿ ಚೆಂಡಿನಿಂದ ಸಂಪಾದಿಸಿದ ನನ್ನ ಕಬ್ಬಿಣದ ಮಣಿಕಟ್ಟು ಕೆಲಸವಿಲ್ಲದೆ ಕೋಲಿನ ಜೊತೆ ಸುಮ್ಮನೆ ಸುತ್ತುತ್ತಿತ್ತು. ಮುದ್ದೆ ತಟ್ಟೆಯಲ್ಲಿ ಕೂರುವ ಬದಲು ಒಂದಿಷ್ಟು ಒರಗಿಕೊಂಡಿತು. ಬೇರೆ ದಿನವಾಗಿದ್ದರೆ ಅಂಥದ್ದನ್ನು ನಾನು ಯಾರ ಮುಂದೆಯೂ ಇಡುತ್ತಿರಲಿಲ್ಲ.

ಮಾವ ಮುರಿದರು, ಅದ್ದಿದರು, ನುಂಗಿದರು. ತುತ್ತು ದೊಡ್ಡದಾಗಿತ್ತು. ನೀರಿನ ಲೋಟವನ್ನು ಮುಟ್ಟಲಿಲ್ಲ. ಮುದ್ದೆ ಮುಗಿಯುತ್ತ ಬಂದಾಗ ತಟ್ಟೆಯನ್ನು ನನ್ನ ಕಡೆ ಸರಿಸಿದರು, ನಾನು ಒಂದು ವರ್ಷ ಕನಸಿನಲ್ಲಿ ಕಂಡಿದ್ದ ಹಾಗೆಯೇ ಸರಿಸಿದರು. "ಇನ್ನರ್ಧ ಹಾಕವ್ವ," ಎಂದರು. ನಾನು ಪಾತ್ರೆಗೆ ಕೈ ಹಾಕುವಷ್ಟರಲ್ಲಿ ಅವರು ಮನಸ್ಸು ತುಂಬಿ, ನನಗೆ ಸಂತೋಷವಾಗಲಿ ಎಂದೇ, ಇನ್ನೊಂದು ಮಾತು ಸೇರಿಸಿದರು: "ಸವಿತನ್ ಹಿಟ್ಟಿನಂಗೇ ಐತೆ."

ನಾನು ಅರ್ಧ ಮುರಿಯಲಿಲ್ಲ, ಇಡೀ ಮುದ್ದೆಯನ್ನೇ ಅವರ ತಟ್ಟೆಗೆ ಹಾಕಿದೆ.